ಬೆಲ್ಲದ ಬಣ್ಣದ ಅಕ್ಷರಗಳು

ಮಾವಿನಕಾಯಿ ಹೋಳುಗಳಿಗೆ ಉಪ್ಪು ಹಚ್ಚುತ್ತಿದ್ದಾಗ ಕೋಲಾರದಿಂದ ಫೋನು ಬಂತು. ಹಳೆಯ ಕಂಪ್ಯೂಟರು ರಿಪೇರಿ ಮಾಡುವ ಸಾಬರದು. "ಅಕ್ಕಾ, ಮಿಷಿನ್ನು ಆನ್ ಆಯ್ತು. ಆದ್ರೆ ನಿಮ್ ಫ್ಲಾಪಿ ಓದ್ತಿಲ್ಲ. ಒಳಗೆಲ್ಲಾ ಕುಂಕುಮ."

ತಪ್ಪು ನನ್ನದೇ. ಶ್ರೀನಿವಾಸಪುರದಲ್ಲಿ ನಮ್ಮ ಯಜಮಾನರು ಅರ್ಜಿ ಟೈಪು ಮಾಡಿಕೊಡುವ ಅಂಗಡಿ ಇಟ್ಟಿದ್ದರು. ಅವರು ಹೋದ ಮೇಲೆ ಕಂಪ್ಯೂಟರು ಅಟ್ಟ ಸೇರಿತು, ಆ ಒಂದು ಫ್ಲಾಪಿ ಮಾತ್ರ ದೇವರ ಮನೆ ಸೇರಿತು. ಶುಕ್ರವಾರ ಶುಕ್ರವಾರ ಅದಕ್ಕೂ ಅರಿಶಿನ ಕುಂಕುಮ ಇಡುತ್ತಿದ್ದೆ. ನನಗೋಸ್ಕರ ಅವರು ಮಾಡಿದ ಸೆಟ್ಟಿಂಗು ಅದರಲ್ಲಿತ್ತು.

ಟೈಪು ಮಾಡುವ ಆ ಹಳೆಯ ಎಡಿಟರಿನಲ್ಲಿ ನೀಲಿ ಪರದೆ, ಬಿಳಿ ಅಕ್ಷರ. ಅಂಗಡಿಯಲ್ಲಿ ನಾನೂ ಟೈಪಿಗೆ ಅರ್ಧ ಗಂಟೆ ಕೂತರೆ ತಲೆನೋವು ಬರುತ್ತಿತ್ತು. ಒಂದು ಮಧ್ಯಾಹ್ನ ಅವರು ಊಟಕ್ಕೂ ಏಳದೆ ಒಂದೊಂದೇ ಬಣ್ಣ ಹಾಕಿ, ಇದಾಗುತ್ತಾ, ಇದಾಗುತ್ತಾ ಎಂದು ಕೇಳುತ್ತಾ ಹೋದರು. ಇದ್ದದ್ದು ಹದಿನಾರೇ ಬಣ್ಣ. ಕಪ್ಪು ಪರದೆಯ ಮೇಲೆ ಒಂದು ಬಣ್ಣ ಬಂದಾಗ ಕಣ್ಣು ತಣ್ಣಗಾಯಿತು. ಅದನ್ನು ನಾವು ಬೆಲ್ಲ ಎಂದೇ ಕರೆದೆವು. ಆಮೇಲೆ, ಒಂದು ಕೀ ಒತ್ತಿದರೆ ಹಾಳೆಯ ಮೇಲ್ತುದಿಗೆ ರಾಮನಾಮ ತಾನಾಗಿ ಬರುವ ಹಾಗೆಯೂ ಮಾಡಿದರು. "ತಾಲ್ಲೂಕಾಫೀಸಿನ ಅರ್ಜಿಗೆ ಮಾತ್ರ ಅಳಿಸು ಕಣೇ. ಇಲ್ಲಾಂದ್ರೆ ರಾಮನ ಪಹಣಿ ತಗೊಂಡ್ ಬಾ ಅಂತಾರೆ."

ಅವರು ಬಿಟ್ಟುಹೋದ ಹಾಗೆಯೇ ಆ ಪರದೆಯನ್ನು ಒಂದು ಸಲ ನೋಡಬೇಕೆಂದು ಆಸೆ. ಅದಕ್ಕೇ ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಕೋಲಾರಕ್ಕೆ ಕಳಿಸಿದ್ದೆ.

ಫ್ಲಾಪಿ ಹೋದರೆ ಹೋಗಲಿ, ಬಣ್ಣ ಹೇಳಿ, ನಾನೇ ಹಾಕ್ತೀನಿ ಎಂದರು ಸಾಬರು. ಹಳದಿ ಎಂದೆ. ಫೋಟೋ ಕಳಿಸಿದರು. ನಿಂಬೆಹಣ್ಣಿನ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು. ಅಲ್ಲ, ಬೆಲ್ಲದ ಬಣ್ಣ, ಹಳೇ ಬೆಲ್ಲ ಎಂದೆ. ಅವರು ನಗಲಿಲ್ಲ, ಪುಣ್ಯಾತ್ಮರು. ಸ್ವಲ್ಪ ಹೊತ್ತಿಗೆ ಇನ್ನೊಂದು ಫೋಟೋ ಬಂತು. ಅದೇ ಬಣ್ಣ. ದೇವರು ಇಷ್ಟಾದರೂ ಕೊಟ್ಟನಲ್ಲ ಎಂದು ಫೋನನ್ನೇ ಕಣ್ಣಿಗೊತ್ತಿಕೊಂಡೆ. ಅದಕ್ಕೆಲ್ಲ ಕೈಯ ಉಪ್ಪಾಯಿತು. ರಾಮನಾಮದ ಕೀ ವಿಷಯವನ್ನೂ ಸಾಬರಿಗೆ ಹೇಳಿದೆ.

"ರಾಮನಾಮಕ್ಕೆ ಯಾವ ಕೀ ಇತ್ತು ಅಕ್ಕಾ?"

ನೋಡದೇ ಒತ್ತುತ್ತಿದ್ದ ಕೀ ಅದು. ಕೈಯನ್ನು ಅಡುಗೆಕಟ್ಟೆಯ ಮೇಲೆ ಟೈಪಿಗೆ ಇಟ್ಟ ಹಾಗೆ ಇಟ್ಟು ನೋಡಿದೆ. ಬೆರಳು ಯಾವ ಕಡೆಗೂ ಹೋಗಲಿಲ್ಲ. ಮರೆತಿದೆ ಎಂದೆ.

"ಯಾವ್ದಾದ್ರೂ ಪರವಾಗಿಲ್ಲ. ನಿಮಗೆ ಬೇಕಾದ್ದು ಹೇಳಿ, ಅದಕ್ಕೇ ಹಾಕ್ತೀನಿ."

ಯಜಮಾನರು ಆರಿಸಿದ್ದ ಕೀ ಜಾಗಕ್ಕೆ ನಾನು ಇನ್ನೊಂದನ್ನು ಹೇಗೆ ಆರಿಸಲಿ? ಬೇಡ ಬಿಡಿ, ರಾಮನಾಮ ಕೈಯಲ್ಲೇ ಬರೆದುಕೊಳ್ತೀನಿ ಎಂದೆ. ಬಣ್ಣ ಮಾತ್ರ ಹಾಗೇ ಇರಲಿ, ಸೋಮವಾರ ಬರ್ತೀನಿ ಎಂದು ಫೋನಿಟ್ಟೆ.

ಮುದ್ದೆಗೆ ಎಸರಿಡುವ ಹೊತ್ತಾಗಿತ್ತು. ಒಲೆ ಹಚ್ಚಿದೆ.