ಪೆರ್ಸಿದಾ ಚಿಕ್ಕಮ್ಮನ ಮೂಗೂ ಕಿಂಡಿಗಾಳಿಯೂ

ಬೆಲ್‌ಗ್ರೇಡಿನ ಹತ್ತಿರದ ಪಾಂಚೆವೊ ಪಟ್ಟಣದ ಕಾಫಿ ಹುರಿಯುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲೇ ರೆಲ್ಯಾ ಒಂದು ಭಾರೀ ರಹಸ್ಯವನ್ನು ಪತ್ತೆಹಚ್ಚಿದ. ಹುರಿಯುವ ಡ್ರಮ್ಮಿನ ಮುಂದೆ ನಿಲ್ಲುವ, ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುವ ಪೆರ್ಸಿದಾ ಗುಟ್ಟಾಗಿ ಅಳುತ್ತಾಳೆ! ಆಗಾಗ ಆಕೆ ಕಾಫಿ ಮೂಟೆಗಳ ಹಿಂದೆ ಸರಿಯುವಳು. ತಲೆ ಹಿಂದಕ್ಕೆ ಚೆಲ್ಲಿ, ಚಾವಣಿ ನೋಡುತ್ತ ನಿಲ್ಲುವಳು. ಸ್ವಲ್ಪ ಹೊತ್ತಿಗೆ ಸೊರ್ ಸೊರ್ ಎಂದು ಮೂಗೆಳೆಯುವ ಸದ್ದು. ಆಮೇಲೆ ಒದ್ದೆ ಕಣ್ಣನ್ನು ಏಪ್ರನ್ನಿನ ತುದಿಯಿಂದ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಬಂದು ಡ್ರಮ್ಮಿನ ಮುಂದೆ ನಿಲ್ಲುವಳು.

ರೆಲ್ಯಾಗೆ ಇಪ್ಪತ್ತೇಳು ವಯಸ್ಸು. ಬೇರೆಯವರ ದುಃಖ ಅವನಿಗೆ ಥಟ್ಟನೆ ಅರ್ಥವಾಗುತ್ತದೆ; ಸ್ವಂತ ದಡ್ಡತನ ಅರ್ಥವಾಗಲು ಮಾತ್ರ ಸಮಯ ಬೇಕು. ಪೆರ್ಸಿದಾಳ ಗಂಡ ಸ್ರೆಟೆನ್ ಬೆಳಗಾದರೆ ಗಾಳ ಹಿಡಿದು ತಾಮಿಶ್ ಹೊಳೆಯ ದಡಕ್ಕೆ ಹೋಗುತ್ತಾನೆ, ಸಂಜೆ ಬರಿಗೈಯಲ್ಲಿ ಬರುತ್ತಾನೆ ಎಂಬುದು ಅವನ ಕಿವಿಗೆ ಬಿದ್ದಿತ್ತು. ಮೀನೇ ಹಿಡಿಯದವನು ದಿನವಿಡೀ ದಡದಲ್ಲಿ ಮಾಡುವುದಾದರೂ ಏನು? ಅಲ್ಲಿ ಯಾರೋ ಇದ್ದಾಳೆ. ಈ ಬಡಪಾಯಿ ಹೆಂಗಸು ಮೂಟೆಗಳ ಮರೆಯಲ್ಲಿ ಕಣ್ಣೀರಿಡುತ್ತಿದ್ದಾಳೆ. ಕಥೆ ತಾನಾಗಿಯೇ ಹೆಣೆದುಕೊಂಡಿತು. ಮಾರನೆಯ ಬೆಳಿಗ್ಗೆ ಅವನು ಹೂವಿನವಳ ಹತ್ತಿರ ಉಳಿದಿದ್ದ ಕಾರ್ನೇಷನ್ ಹೂಗಳನ್ನೆಲ್ಲ ಎಣಿಸದೆಯೇ ತಂದು, ಬಹಳ ಗಂಭೀರವಾಗಿ ಆಕೆಯ ಕೈಗಿತ್ತ.

ಪೆರ್ಸಿದಾ ಹೂ ನೋಡಿದಳು. ಎಣಿಸಿದಳು. ನಾಲ್ಕಿದ್ದವು. ಆ ಊರಲ್ಲಿ ಬದುಕಿರುವವರಿಗೆ ಕೊಡುವ ಹೂ ಯಾವಾಗಲೂ ಬೆಸ. ಸಮ ಸಂಖ್ಯೆಯ ಹೂ ಹೋಗುವುದು ಸಮಾಧಿಗೆ ಮಾತ್ರ.

"ಲೋ, ನಾನ್ ಯಾವಾಗ ಸತ್ತೆನೋ? ನಂಗೊಂದ್ ಮಾತು ಹೇಳ್ಬಾರ್ದಿತ್ತಾ?"

"ಅಯ್ಯೋ, ಅಲ್ಲ ಚಿಕ್ಕಮ್ಮ... ನೀವ್ ಅಳ್ತಿದ್ರಲ್ಲ... ಸ್ರೆಟೆನ್ ಮಾವ ಹೊಳೆ ಹತ್ರ..."

ಪೆರ್ಸಿದಾ ಏಪ್ರನ್ನಿನ ಜೇಬಿನಿಂದ ಬೆರಳುದ್ದದ ಪುಟ್ಟ ಶೀಶೆಯೊಂದನ್ನು ತೆಗೆದು ಅವನ ಮೂಗಿನ ಮುಂದೆ ಹಿಡಿದಳು. "ಮೂಗಿನ ಡ್ರಾಪ್ಸ್ ಕಣೋ ಇದು, ಪೆದ್ದ! ಮೂಗು ಕಟ್ಟಿದೆ ನಂಗೆ. ಸ್ರೆಟೆನ್‌ನ ಗಾಳಕ್ಕೆ ಮೀನೇ ಬೀಳಲ್ಲ, ಹೆಂಗಸು ಬೀಳ್ತಾಳಾ?" ಎಂದು ನಕ್ಕವಳು ನಗು ತಡೆಯಲಾರದೆ ಮೂಟೆಯ ಮೇಲೆ ಕೂತೇಬಿಟ್ಟಳು. ಸಂಜೆಯ ಹೊತ್ತಿಗೆ ಬೀದಿಯವರೆಲ್ಲ ರೆಲ್ಯಾನನ್ನು ನೋಡಿ ಸಂತಾಪ ಸೂಚಿಸತೊಡಗಿದ್ದರು.

ಅಲ್ಲಿಂದ ಮುಂದೆ ಇಬ್ಬರಿಗೂ ಸ್ನೇಹ ಬೆಳೆಯಿತು. ಪೆರ್ಸಿದಾ ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಈ ಅಂಗಡಿಗೆ ಬಂದವಳು. ಆಗ ಅಂಗಡಿ ಹಳೆಯ ಯಜಮಾನರದ್ದು. ಈಗ ಅವರ ಮಗ ತಿಹೋಮಿರ್‌ನದ್ದು. ಅವನು ತೊಟ್ಟಿಲಲ್ಲಿದ್ದಾಗ ಇದೇ ಮೂಟೆಗಳ ನಡುವೆ ತೊಟ್ಟಿಲು ತೂಗಿದವಳೂ ಆಕೆಯೇ, ಹಾಗಾಗಿ ಯಜಮಾನನನ್ನು "ತಿಹೋ" ಎಂದು ಏಕವಚನದಲ್ಲೇ ಕೂಗುತ್ತಾಳೆ. ಕಟ್ಟುಮಸ್ತಾದ ಮೈ, ಗಂಟಲು ತೆರೆದರೆ ಮೂರನೇ ಬೀದಿಗೆ ಕೇಳುವ ದನಿ. ಸ್ವಂತ ಅಡುಗೆಯನ್ನು ತಾನೇ ಹೊಗಳಿಕೊಂಡು ಉಣ್ಣುವ ಅಭ್ಯಾಸ. ತಪ್ಪು ತನ್ನದೆಂದು ಒಪ್ಪಿಕೊಂಡದ್ದನ್ನು ಕಂಡವರು ಊರಲ್ಲಿ ಯಾರೂ ಇಲ್ಲ. ಆದರೆ ಡ್ರಮ್ಮಿನ ಮುಂದೆ ನಿಂತರೆ ಬೇರೆಯೇ ಹೆಂಗಸು. ಕಾಳು ಚಟಪಟ ಎನ್ನುತ್ತಲೇ ಮಾತು ನಿಲ್ಲಿಸಿ, ಕಣ್ಣು ಅರೆ ಮುಚ್ಚಿ, ಮೂಗನ್ನು ಮುಂದೆ ಮಾಡುವಳು. ಚಟಪಟ ಎಂದ ಮೇಲೆ ಇನ್ನೆಷ್ಟು ಹೊತ್ತು ಎಂಬುದು ಕಿವಿಯ ಕೆಲಸವಲ್ಲ, ಮೂಗಿನದು. ಹುಲ್ಲಿನ ವಾಸನೆ ಹೋಗಿ ಬ್ರೆಡ್ಡಿನ ವಾಸನೆ ಬಂದು, ಅದೂ ಹೋಗಿ ಇನ್ನೊಂದು ಬರುತ್ತದಂತೆ. ಆ ಇನ್ನೊಂದಕ್ಕೆ ಆಕೆಯ ಬಳಿ ಹೆಸರಿರಲಿಲ್ಲ. ಅದು ಬಂದ ತಕ್ಷಣ ಹಿಡಿಯನ್ನು ಎಳೆದು ಕಾಳನ್ನು ತಟ್ಟೆಗೆ ಸುರಿಯುವಳು.

ಆ ಮೂಗು ಜನವರಿಯ ಒಂದು ನೆಗಡಿಗೆ ಕಟ್ಟಿಕೊಂಡಿತ್ತು. ಡ್ರಾಪ್ಸ್ ಹಾಕಿದಳು, ಬಾಗಿಲು ತೆರೆದಂತೆ ಮೂಗು ಬಿಟ್ಟಿತು. ನೆಗಡಿ ಹೋಯಿತು. ಆದರೆ ಡ್ರಾಪ್ಸಿನ ಕಸುವು ಇಳಿಯುತ್ತಲೇ ಮೂಗು ಮತ್ತೆ ಕಟ್ಟಿತು. ಮತ್ತೆ ಹಾಕಿದಳು, ಮತ್ತೆ ಕಟ್ಟಿತು. ಇದಕ್ಕೆಲ್ಲ ಕಾರಣ ಯಾರು ಎಂಬುದರಲ್ಲಿ ಪೆರ್ಸಿದಾಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಿಂಡಿಗಾಳಿ!

ಕಿಂಡಿಗಾಳಿಯೆಂದರೆ ಎದುರುಬದುರು ಬಾಗಿಲು, ಕಿಟಕಿ ತೆರೆದಾಗ ನಡುವೆ ಸುಳಿಯುವ ಗಾಳಿ. ಈ ಜನಕ್ಕೆ ಯುದ್ಧದ ಭಯವಿಲ್ಲ, ಪೊಲೀಸರ ಭಯವಿಲ್ಲ. ಇದರದ್ದು ಮಾತ್ರ ಉಂಟು. ಕತ್ತು ಹಿಡಿದರೂ ಇದೇ, ಹಲ್ಲು ನೋವು ಬಂದರೂ ಇದೇ, ಮದುವೆ ಮುರಿದರೂ ಹುಡುಕಿದರೆ ಎಲ್ಲೋ ಒಂದು ಕಿಟಕಿ ತೆರೆದಿದ್ದೀತು. ರೆಲ್ಯಾ ನಗುವ ಹಾಗಿರಲಿಲ್ಲ. ಅವನ ತಾಯಿ ಈಗಲೂ ಫೋನಿನಲ್ಲಿ ಮೊದಲು ಕೇಳುವುದು "ಬನಿಯನ್ನು ಪ್ಯಾಂಟಿನೊಳಕ್ಕೆ ಸಿಕ್ಕಿಸ್ಕೊಂಡಿದ್ಯಾ?" ಎಂದು, ಮತ್ತು ಅವನು ಸಿಕ್ಕಿಸಿಕೊಂಡಿರುತ್ತಾನೆ.

ಹೀಗಾಗಿ ಅಂಗಡಿಯಲ್ಲಿ ಗಾಳಿಬೇಟೆ ಶುರುವಾಯಿತು. ರೆಲ್ಯಾ ಏಣಿ ಹತ್ತಿ ಕಿಟಕಿಯ ಸಂದುಗಳಿಗೆಲ್ಲ ಹಳೇ ಪೇಪರ್ ತುರುಕಿದ. ಬಾಗಿಲ ಬುಡಕ್ಕೆ ಕಂಬಳಿ ಸುತ್ತಿಟ್ಟ. ಗಿರಾಕಿ ಒಳಗೆ ಕಾಲಿಟ್ಟರೆ "ಬಾಗ್ಲೂ!" ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಹೊರಗೆ ಕೊಶಾವಾ ಎಂಬ ಆ ಸೀಮೆಯ ಕೊರೆಯುವ ಗಾಳಿ ಹುಯ್ಯೋ ಎನ್ನುತ್ತಿತ್ತು. ಒಳಗೆ ಹೊಗೆ, ಶಾಖ, ಒಣ ಹವೆ. ಪೆರ್ಸಿದಾಳ ಮೂಗು ಇನ್ನಷ್ಟು ಕಟ್ಟಿತು.

"ಇನ್ನೂ ಎಲ್ಲೋ ಒಂದು ತೂತು ಉಳಿದಿದೆ ಕಣೋ," ಎಂದು ಆಕೆ ಗೋಡೆಯನ್ನು ಗುಮಾನಿಯಿಂದ ನೋಡುವಳು. ಆಮೇಲೆ ಮೂಟೆಗಳ ಹಿಂದೆ ಹೋಗಿ ಎರಡು ತೊಟ್ಟು ಹಾಕಿಕೊಳ್ಳುವಳು.

ಅಷ್ಟರಲ್ಲಿ ರೆಲ್ಯಾಗೂ ನೆಗಡಿ ಹಿಡಿಯಿತು. "ತಗೋ, ನಂದನ್ನೇ ಹಾಕ್ಕೋ, ನಾವೇನು ಬೇರೆಯವ್ರಾ?" ಎಂದು ಪೆರ್ಸಿದಾ ಶೀಶೆ ಚಾಚಿದಳು. ಅವನು ಅದರ ಮೂತಿಯನ್ನು ಮೂಗಿನೊಳಕ್ಕೆ ಸೇರಿಸಿ ಒತ್ತಿದ. ಆಹಾ! ಆ ಕ್ಷಣ ಅವನಿಗೆ ಬೆಲ್‌ಗ್ರೇಡಿನವರೆಗಿನ ಗಾಳಿಯೆಲ್ಲ ಒಂದೇ ಉಸಿರಿಗೆ ಒಳಬಂದಂತಾಯಿತು.

ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾಳು ಚಟಪಟ ಎಂದಿತು. ಪೆರ್ಸಿದಾ ಕಣ್ಣು ಅರೆ ಮುಚ್ಚಿ ಮೂಗು ಮುಂದೆ ಮಾಡಿದಳು. ಕಾದಳು. ಇನ್ನೂ ಕಾದಳು. ಗಿರಾಕಿಗಳ ಸಾಲಿನಲ್ಲಿದ್ದ ಒಬ್ಬ ಮುದುಕ, "ಏನಮ್ಮಾ, ಟೈರ್ ಸುಡ್ತಿದ್ದೀರಾ?" ಎಂದಾಗಲೇ ಆಕೆ ಹಿಡಿ ಎಳೆದದ್ದು. ತಟ್ಟೆಗೆ ಬಿದ್ದದ್ದು ಇದ್ದಿಲು.

ತಿಹೋಮಿರ್ ಒಳ್ಳೆಯವನು, ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. "ಚಿಕ್ಕಮ್ಮ, ಇದು ಮೊದಲನೇದಲ್ಲ, ಕಳೆದ ವಾರಾನೂ ಕಪ್ಪಾಗಿತ್ತು. ತಾನೇ ಹುರಿದು ತಾನೇ ನಿಲ್ಲಿಸೋ ಮಿಷನ್ ಮಾರ್ಕೆಟ್ಟಿಗೆ ಬಂದಿದೆ. ಈಸ್ಟರ್ ಆರ್ಡರ್ ಹತ್ರ ಬಂತು. ಇನ್ನೊಂದ್ಸಲ ಹೀಗಾದ್ರೆ ನೀವು ಪೊಟ್ಟಣ ಕಟ್ಟೋ ಕಡೆ ಕೂತ್ಕೊಳ್ಳಿ. ಕೂತು ಮಾಡೋ ಕೆಲಸ, ಆರಾಮ."

"ಆರಾಮ ಸಮಾಧೀಲಿ ಸಿಗುತ್ತೆ ಬಿಡು, ತಿಹೋ," ಎಂದಳು ಪೆರ್ಸಿದಾ. ಆದರೆ ದನಿ ಮೂರನೇ ಬೀದಿಗೆ ಹೋಗಲಿಲ್ಲ, ಪಕ್ಕದ ಮೂಟೆಯವರೆಗೂ ಹೋಗಲಿಲ್ಲ. ಪೊಟ್ಟಣ ಕಟ್ಟುವ ಬೆಂಚನ್ನು ಆಕೆ ನೋಡಿದ ರೀತಿಯನ್ನು ರೆಲ್ಯಾ ಗಮನಿಸಿದ. ಈ ಸಲ ಅವನು ಹೂ ತರಲಿಲ್ಲ.

ಅವನು ಹೋದದ್ದು ಔಷಧಿ ಅಂಗಡಿಗೆ. ಆಕೆಗೊಂದು ಶೀಶೆ ಡ್ರಾಪ್ಸ್ ಕೇಳಿದ, ತನಗೊಂದು. ಅಲ್ಲಿ ಔಷಧಿ ಕೊಡುವ ಒಲಿವೆರಾ ಕನ್ನಡಕದ ಮೇಲಿಂದ ನೋಡಿದಳು. "ಯಾರಿಗಪ್ಪಾ ಎರಡೆರಡು? ಆನೆ ಸಾಕಿದ್ದೀಯಾ?"

ವಿಷಯ ಕೇಳಿ ಆಕೆಯ ನಗು ಮಾಯವಾಯಿತು. "ಮೊದ್ಲು ಅವ್ರನ್ನ ಇಲ್ಲಿಗೆ ಕರ್ಕೊಂಡ್ ಬಾ."

ಪೆರ್ಸಿದಾ ಬಂದಳು, ಕತ್ತಿಗೆ ಮಫ್ಲರ್ ಬಿಗಿದುಕೊಂಡು. ಬಂದವಳೇ ಮೊದಲು ಔಷಧಿ ಅಂಗಡಿಯ ಕಿಟಕಿ ಮುಚ್ಚಿದಳು.

"ಅದನ್ನ ತೆಗೀರಿ," ಎಂದಳು ಒಲಿವೆರಾ. "ನಿಮ್ಮ ಮೂಗು ಕಟ್ಟಿಸ್ತಿರೋದು ಗಾಳಿ ಅಲ್ಲ. ನಿಮ್ಮ ಜೇಬಲ್ಲಿರೋ ಶೀಶೆ."

"ಏನ್ ಮಾತಾಡ್ತೀಯಮ್ಮಾ! ಅದನ್ನ ಹಾಕಿದ್ರೇನೇ ಮೂಗು ಬಿಡೋದು."

"ಬಿಡುತ್ತೆ. ಒಳಗೆ ಊದ್ಕೊಂಡಿರೋದನ್ನ ಅದು ಹಿಂಡಿ ಹಿಡಿಯುತ್ತೆ. ಮೂರು ದಿನ ಹಾಕಿ, ತೀರಾ ಬೇಕಂದ್ರೆ ಐದು ದಿನ, ಅಷ್ಟರಲ್ಲಿ ನಿಲ್ಲಿಸ್ಬೇಕು. ಜಾಸ್ತಿ ದಿನ ಹಾಕಿದ್ರೆ, ಔಷಧಿ ಇಳಿದ ತಕ್ಷಣ ಮೊದಲಿಗಿಂತ ಜಾಸ್ತಿ ಊದ್ಕೊಳ್ಳುತ್ತೆ. ನೀವು ಮತ್ತೆ ಹಾಕ್ತೀರಿ, ಅದು ಮತ್ತೆ ಊದುತ್ತೆ. ನೆಗಡಿ ಜನವರೀಲೇ ಹೋಯ್ತು ಚಿಕ್ಕಮ್ಮ. ಈಗಿರೋದು ಡ್ರಾಪ್ಸಿನ ಕಾಯಿಲೆ. ಬಿ.ಪಿ. ಏನಾದ್ರೂ ಇದ್ಯಾ?"

"ಒಂದು ಚಿಕ್ಕ ಮಾತ್ರೆ ತಗೋತೀನಿ, ಅಷ್ಟೇ."

"ಚಿಕ್ಕ ಮಾತ್ರೆಯಂತೆ! ಬಿ.ಪಿ. ಇರೋರು, ಹೃದಯದ ತೊಂದ್ರೆ ಇರೋರು ಡಾಕ್ಟ್ರನ್ನ ಕೇಳ್ದೆ ಇದನ್ನ ಮುಟ್ಟಲೇಬಾರ್ದು. ಡಬ್ಬೀಲಿ ಚೀಟಿ ಇಟ್ಟಿರ್ತಾರಲ್ಲ, ಓದ್ಲಿಲ್ವಾ?"

"ಅದನ್ನ ಕಿಟಕಿ ಸಂದಿಗೆ ತುರುಕ್ದೆ," ಎಂದು ರೆಲ್ಯಾ ತಗ್ಗಿದ ದನಿಯಲ್ಲಿ ಹೇಳಿದ.

ಒಲಿವೆರಾ ಅವನ ಕಡೆ ತಿರುಗಿದಳು. "ನಿಂಗೂ ಅದೇ ಶೀಶೆನಾ? ಒಬ್ಬರ ಶೀಶೆ ಇನ್ನೊಬ್ಬರು ಹಾಕ್ಕೊಂಡ್ರೆ ನೆಗಡೀನೂ ಹಂಚ್ಕೊಂಡ ಹಾಗೇ! ನಿಂಗೆ ಬೇಕಾದ್ರೆ ನಿಂದೇ ತಗೋ. ಮೊದ್ಲು ಮೂಗು ಖಾಲಿ ಮಾಡ್ಕೋ, ಆಮೇಲೆ ತಲೆ ಹಿಂದಕ್ಕೆ ಹಾಕಿ, ಶೀಶೆ ಮೂತಿ ಮೂಗಿಗೆ ತಾಗದ ಹಾಗೆ ತೊಟ್ಟು ಬಿಡು. ಚೀಟೀಲಿ ಎಷ್ಟು ಬರೆದಿದ್ಯೋ ಅಷ್ಟೇ. ನೆಗಡಿ ಹೋದ್ಮೇಲೆ ಶೀಶೆ ಎಸೆದುಬಿಡು, ಮುಂದಿನ ವರ್ಷಕ್ಕೆ ಅಂತ ಎತ್ತಿಡ್ಬೇಡ."

ಪೆರ್ಸಿದಾ ತಾನು ಮುಚ್ಚಿದ್ದ ಕಿಟಕಿಯತ್ತ ತಿರುಗಿದಳು. ಎಷ್ಟೋ ವರ್ಷಗಳ ಹಗೆಯವನು ನಿರ್ದೋಷಿ ಎಂದು ತೀರ್ಪು ಬಂದಂತಿತ್ತು ಆಕೆಯ ಮುಖ. "ಈಗೇನ್ ಮಾಡ್ಲಿ? ಡ್ರಾಪ್ಸ್ ಇಲ್ದೆ ಉಸಿರಾಡೋಕೇ ಆಗಲ್ಲ. ಈಸ್ಟರ್ ಬಂತು."

"ಮೊದ್ಲು ಡಾಕ್ಟ್ರ ಹತ್ರ ಹೋಗಿ ಮೂಗೂ ಬಿ.ಪಿ.ನೂ ತೋರಿಸಿ. ಎರಡೂ ಕಡೆ ಒಟ್ಟಿಗೆ ನಿಲ್ಲಿಸೋಕೆ ಆಗ್ದಿದ್ರೆ ಮೊದ್ಲು ಒಂದು ಹೊಳ್ಳೆಗೆ ನಿಲ್ಲಿಸೋದುಂಟು, ಅದು ಸರಿಹೋದ್ಮೇಲೆ ಇನ್ನೊಂದು. ಅದನ್ನೂ ಅವ್ರನ್ನೇ ಕೇಳಿ. ಉಪ್ಪುನೀರಿನ ಸ್ಪ್ರೇ ಎಷ್ಟು ಸಲ ಬೇಕಾದ್ರೂ ಹಾಕ್ಕೊಳ್ಳಿ, ಅದ್ರಲ್ಲಿ ಮೋಸ ಇಲ್ಲ. ಮತ್ತೆ ಆ ಅಂಗಡೀಲಿ ಸ್ವಲ್ಪ ಗಾಳಿ ಆಡೋಕೆ ಬಿಡಿ, ದೇವ್ರಾಣೆ!"

ಡಾಕ್ಟರು ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದರು, ಒಲಿವೆರಾ ಹೇಳಿದ್ದನ್ನೇ ಇನ್ನಷ್ಟು ಗದರಿಸಿ ಹೇಳಿದರು. ಎಡ ಹೊಳ್ಳೆಯಿಂದ ಶುರುವಾಯಿತು. ಮೊದಲ ದಿನಗಳಲ್ಲಿ ಆ ಕಡೆ ಗಾರೆ ಹಾಕಿ ಮುಚ್ಚಿದಂತಿತ್ತು. ಪೆರ್ಸಿದಾ ಬಾಯಲ್ಲಿ ಉಸಿರಾಡುತ್ತ, ಸ್ರೆಟೆನ್‌ಗೂ ರೆಲ್ಯಾಗೂ ಒಲಿವೆರಾಳ ಇಡೀ ವಂಶಕ್ಕೂ ಸರಿಸಮನಾಗಿ ಶಾಪ ಹಾಕುತ್ತ ಉಪ್ಪುನೀರು ಸೇದಿದಳು. ರೆಲ್ಯಾ ಏಣಿ ಹತ್ತಿ ಸಂದುಗಳ ಪೇಪರನ್ನೆಲ್ಲ ಕಿತ್ತ. ಕಿಟಕಿ ತೆರೆದಾಗ ಸಾಲಿನಲ್ಲಿದ್ದ ಗಿರಾಕಿಗಳು ಗಾಬರಿಯಾಗಿ ಕೋಟಿನ ಗುಂಡಿ ಹಾಕಿಕೊಂಡರು. ಒಬ್ಬಾಕೆ ಶಿಲುಬೆಯ ಗುರುತೂ ಮಾಡಿಕೊಂಡಳು.

"ಚಿಕ್ಕಮ್ಮ, ನನ್ನ ಮೂಗು ಈಗ ಸರಿ ಇದೆ. ನಾನು ಮೂಸಿ ಹೇಳ್ಲಾ?" ಎಂದ ರೆಲ್ಯಾ ಒಂದು ದಿನ, ಔದಾರ್ಯದಿಂದ.

"ಹೇಳು ನೋಡೋಣ."

ಕಾಳು ಚಟಪಟ ಎಂದಿತು. ರೆಲ್ಯಾ ಕಣ್ಣು ಅರೆ ಮುಚ್ಚಿ, ಮೂಗು ಮುಂದೆ ಮಾಡಿ, ಯಾವುದೋ ದೈವೀ ಕ್ಷಣದಲ್ಲಿ "ಈಗ!" ಎಂದ. ತಟ್ಟೆಗೆ ಬಿದ್ದ ಕಾಳು ಬೇಯಿಸಿದ ಕಡಲೆಯ ಹಾಗೆ ಪೇಲವವಾಗಿತ್ತು. ಪೆರ್ಸಿದಾ ಅದನ್ನು ಸದ್ದಿಲ್ಲದೆ ಮತ್ತೆ ಡ್ರಮ್ಮಿಗೆ ಸುರಿದು, "ಹೋಗು ಮಗನೇ, ಪೊಟ್ಟಣ ಕಟ್ಟು. ಆ ಬೆಂಚು ನಿಂಗೇ ಸರಿ," ಎಂದಳು.

ಈಸ್ಟರ್ ಆರ್ಡರ್ ಹುರಿಯುವ ದಿನ ತಿಹೋಮಿರ್ ಬಂದು ಡ್ರಮ್ಮಿನ ಪಕ್ಕದಲ್ಲೇ ನಿಂತ. ಅವನ ಕೈಯಲ್ಲಿ ಹೊಸ ಮಿಷನ್ನಿನ ಬಣ್ಣದ ಚಿತ್ರಗಳಿದ್ದವು. ಪೆರ್ಸಿದಾ ಅತ್ತ ನೋಡಲಿಲ್ಲ. ಎಡ ಹೊಳ್ಳೆ ಎರಡು ದಿನದಿಂದ ಬಿಟ್ಟುಕೊಂಡಿತ್ತು; ಬಲಗಡೆಯದು ಆಗಷ್ಟೇ ಡ್ರಾಪ್ಸ್ ಬಿಟ್ಟು ಮುಷ್ಕರ ಹೂಡಿತ್ತು. ಆಕೆ ತಲೆಯನ್ನು ಓರೆ ಮಾಡಿ, ಕೋಳಿ ಕಾಳು ನೋಡುವ ಹಾಗೆ, ಎಡಗಡೆಯನ್ನಷ್ಟೇ ಡ್ರಮ್ಮಿಗೆ ಹಿಡಿದಳು. ಕಾಳು ಚಟಪಟ ಎಂದಿತು. ತೆರೆದ ಕಿಟಕಿಯಿಂದ ಗಾಳಿ ಬಂದು ಆಕೆಯ ಕೂದಲನ್ನು ಹಾರಿಸಿತು. ಹಿಡಿ ಎಳೆದಳು.

ತಟ್ಟೆಯ ತುಂಬ ತಿಳಿ ಹೊಳಪಿನ ಕಂದು ಕಾಳು. ತಿಹೋಮಿರ್ ಅಲ್ಲೇ ಪುಡಿ ಮಾಡಿಸಿ, ಕುದಿಸಿ, ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದು ಚಿತ್ರಗಳನ್ನು ಮಡಚಿ ಜೇಬಿಗೆ ತುರುಕಿದ. "ಮಿಷನ್ ಸದ್ಯಕ್ಕೆ ಬೇಡ," ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಯಜಮಾನನಲ್ಲವೇ; ಸಾಲು ನಿಂತ ಗಿರಾಕಿಗಳ ಮುಂದೆಯೇ ಮೆಲ್ಲಗೆ ಕೇಳಿದ:

"ಚಿಕ್ಕಮ್ಮ, ನಿಜ ಹೇಳಿ. ಜನವರಿಯಿಂದ ನಿಮ್ಗೆ ವಾಸನೇನೇ ಬರ್ತಿರ್ಲಿಲ್ಲ. ಅಂದ್ರೆ ಇಷ್ಟು ದಿನ ಈ ಜನಕ್ಕೆಲ್ಲ ನಾವು ಕೊಟ್ಟಿದ್ದು ಬರೀ ಅಂದಾಜಿನ ಕಾಫೀನಾ?"

ಗಿರಾಕಿಗಳು ಕಿವಿ ನಿಮಿರಿಸಿದರು. ರೆಲ್ಯಾ ಪೊಟ್ಟಣದ ಹಿಂದೆ ತಲೆ ತಗ್ಗಿಸಿದ. ಪೆರ್ಸಿದಾ ತಟ್ಟೆಯ ಕಾಳಿನಲ್ಲಿ ಕೈಯಾಡಿಸುತ್ತಲೇ, ಮೂರನೇ ಬೀದಿಗೂ ಕೇಳುವ ಹಾಗೆ ಹೇಳಿದಳು:

"ಹೂಂ, ಅಂದಾಜಿಂದೇ. ತಪ್ಪು ನಂದೇ. ನಂಗಾದ್ರೂ ಮೂಗು ಕಟ್ಟಿತ್ತು ತಿಹೋ, ದಿನಾ ಅದನ್ನೇ ಕುಡಿತಿದ್ಯಲ್ಲ, ನಿನ್ನ ನಾಲಿಗೆಗೇನಾಗಿತ್ತು?"