ಎಲ್ಲವೂ ನಿನ್ನೆ

ಪಾರ್ಶ್ವವಾಯು ಬಡಿದ ಮೇಲೆ ನಮ್ಮ ಯಜಮಾನರ ಬಾಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು ಮಾತು. ಕಳೆದುಹೋದ ಕಾಲಕ್ಕಂತೂ ಒಂದೇ: ನಿನ್ನೆ. ನಮ್ಮ ಮದುವೆ ನಿನ್ನೆ. ಮಗಳು ಹುಟ್ಟಿದ್ದು ನಿನ್ನೆ. ಮುಳಬಾಗಿಲಿನಲ್ಲಿ ಈ ಮನೆ ಕಟ್ಟಿದ್ದೂ ನಿನ್ನೆ. ಕೋಲಾರದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ, "ತಪ್ಪು ಹೇಳಿದಾಗೆಲ್ಲ ತಿದ್ದಿ ಅಮ್ಮ, ಬಿಡ್ಬೇಡಿ" ಎಂದಿದ್ದಳು. ತಿದ್ದಿದೆ. ತಿದ್ದಿ ತಿದ್ದಿ ನನಗೇ ಸಾಕಾಯಿತು.

ಮದುವೆ ನಿನ್ನೆ ಆಯಿತು ಎಂದರೆ ಯಾರ ಗಂಟೂ ಹೋಗುವುದಿಲ್ಲ. ಕಷ್ಟವಿದ್ದದ್ದು ಅವರ ಅಣ್ಣನ ವಿಷಯದಲ್ಲಿ. ಬದುಕಿದ್ದಾಗ ಭಾವ ದಿನಾ ಬೆಳಿಗ್ಗೆ ಬೈರಕೂರಿನಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಅಣ್ಣ ತಮ್ಮ ಅಡುಗೆಮನೆಯಲ್ಲಿ ಪಕ್ಕಪಕ್ಕ ಕೂತು ತಿಂಡಿ ತಿಂದು, ಒಟ್ಟಿಗೆ ತೋಟಕ್ಕೆ ಹೋಗುತ್ತಿದ್ದರು. ಭಾವ ತೀರಿಕೊಂಡು ಮೂರು ವರ್ಷವಾಗಿದೆ. ಚಟ್ಟಕ್ಕೆ ಹೆಗಲು ಕೊಟ್ಟವರೇ ಈಗ ಬೆಳಿಗ್ಗೆ ಎದ್ದು ಗೇಟಿನ ಹತ್ತಿರ ನಿಲ್ಲುತ್ತಾರೆ. ಅಣ್ಣ ಬರುವವರೆಗೂ ತಿಂಡಿ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಹೊಟ್ಟೆಗೆ ಹೋಗಿರುತ್ತದೆ, ಅನ್ನ ಹೋಗಿರುವುದಿಲ್ಲ. ಕೈ ನಡುಗಿ ಬೆವೆತು ಎರಡು ಸಲ ಅಲ್ಲೇ ಕುಸಿದಿದ್ದಾರೆ.

"ಭಾವ ಇಲ್ಲ ಕಣ್ರೀ, ಮೂರ್ ವರ್ಷ ಆಯ್ತು" ಎಂದರೆ ನನ್ನನ್ನೇ ಪೆದ್ದಿಯಂತೆ ನೋಡುತ್ತಾರೆ. "ನಿನ್ನ ವಚ್ಚಾಡು ಕದಾ" ಎನ್ನುತ್ತಾರೆ, ನಿನ್ನೆ ಬಂದಿದ್ದನಲ್ಲ ಎಂದು. ಕನ್ನಡ ಪೂರ್ತಿ ಹೋಗಿ ಮನೆಯ ತೆಲುಗು ಮಾತ್ರ ಉಳಿದಿದೆ.

ನಮ್ಮ ಕಡೆ ಮಾವಿನ ತೋಟದವರು ವರ್ಷವನ್ನು ಅಂಕಿಯಲ್ಲಿ ಹೇಳುವುದು ಕಡಿಮೆ. ಕಾಯಿ ಚೆನ್ನಾಗಿ ಕಚ್ಚಿದ ವರ್ಷ, ಆಲಿಕಲ್ಲಿಗೆ ಹೂವು ಉದುರಿದ ವರ್ಷ, ಹೀಗೆ. ನಾನೂ ಆ ದಾರಿ ಹಿಡಿದೆ. "ಭಾವ ಹೋದ್ಮೇಲೆ ಎಷ್ಟು ಫಸಲು ಬಂತು, ನೀವೇ ಹೇಳಿ" ಎಂದೆ. ಅವರು ಯೋಚಿಸಿ, ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ನನಗೇ ಹೊಳೆಯಿತು. ಭಾವ ಹೋದ ವರ್ಷವೇ ಮರಗಳನ್ನು ತೆಗೆಸಿ ಟೊಮೆಟೊ ಹಾಕಿದ್ದೆವು. ಟೊಮೆಟೊ ಹಿಡಿದು ವರ್ಷ ಎಣಿಸಿದವರನ್ನು ನಾನು ಕಂಡಿಲ್ಲ. ಅವರ ಲೆಕ್ಕದಲ್ಲಿ ಭಾವ ಹೋದ ಮೇಲೆ ವರ್ಷವೇ ಬಂದಿಲ್ಲ.

ಒಂದು ಬೆಳಿಗ್ಗೆ ಬಾಗಿಲಲ್ಲಿ ಕೂತು ತಲೆ ಬಾಚುತ್ತಿದ್ದೆ. ಗೇಟಿನಿಂದ ಹಿಂದಿರುಗಿದವರು ನನ್ನ ಕೂದಲು ಹಿಡಿದು ನೋಡಿದರು. "ನಿನ್ನ ನಲ್ಲಗಾ ಉಂಡೆ" ಎಂದರು. ನಿನ್ನೆ ಕಪ್ಪಗಿತ್ತು.

ತಿದ್ದಬೇಕೆಂದು ಬಾಯಿ ತೆರೆದೆ. ಏನೆಂದು ತಿದ್ದಲಿ? ಯಾವಾಗ ಬೆಳ್ಳಗಾಯಿತೋ ನನಗೂ ತಿಳಿಯದು. ನನಗೂ ಅದು ನಿನ್ನೆ ಕಪ್ಪಗಿದ್ದಂತೆಯೇ ಇತ್ತು. ಅಷ್ಟು ತಿಂಗಳು ಅವರ ಜೊತೆ ಜಗಳವಾಡಿದ್ದು ಯಾವ ಪುರುಷಾರ್ಥಕ್ಕೆ ಅನ್ನಿಸಿತು.

"ಅಣ್ಣ?" ಎಂದರು.

"ಭಾವ ನಿನ್ನೆ ತೀರ್ಕೊಂಡ್ರು" ಎಂದೆ.

ಅವರಿಗೆ ಅರ್ಥವಾಯಿತು. ಮುಖದ ಒಂದೇ ಪಕ್ಕ ಅಳುವುದನ್ನು ನೋಡುವುದು ಬಲು ಕಷ್ಟ. ಭಾವ ಹೋದ ದಿನ ಬಂದವರನ್ನು ನೋಡಿಕೊಳ್ಳುವುದರಲ್ಲಿ ನನಗೆ ಅಳುವುದಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ. ಈಗ ಪಕ್ಕದಲ್ಲಿ ಕೂತು ನಾನೂ ಅತ್ತೆ. ಬಿಸಿಲು ಏರಿದ ಮೇಲೆ ಎರಡು ತುತ್ತು ಉಪ್ಪಿಟ್ಟು ತಿಂದರು.

ಮರುದಿನ ಅವರು ಗೇಟಿನ ಹತ್ತಿರ ಹೋಗಲಿಲ್ಲ. ನೇರವಾಗಿ ಅಡುಗೆಮನೆಗೆ ಬಂದು ತಮ್ಮ ಜಾಗದಲ್ಲಿ ಕೂತರು. ನಾನು ತಟ್ಟೆ ಇಟ್ಟು ಎಂದಿನಂತೆ ಒಲೆಯ ಕಡೆ ತಿರುಗಿದೆ. ಅವರು ಆಡುವ ಕೈಯಿಂದ ಪಕ್ಕದ ನೆಲ ತಟ್ಟಿ, "ಕೂಚೋ" ಎಂದರು.

ಅಣ್ಣ ಕೂರುತ್ತಿದ್ದ ಜಾಗ ಅದು. ಈ ಮನೆಯಲ್ಲಿ ನಾನು ಯಾವತ್ತೂ ಅವರೆಲ್ಲ ತಿಂದಾದ ಮೇಲೆ ತಿಂದವಳು. ಹಸಿವಿರಲಿಲ್ಲ. ಒಲೆ ಆರಿಸಿ, ಇನ್ನೊಂದು ತಟ್ಟೆ ತೆಗೆದುಕೊಂಡು ಹೋಗಿ ಕೂತೆ.