ಸಿರಿಲ್ ಟಾಫ್ಟ್ ಅವರ ಹಸಿ ಬೇಲಿ

ಡಬ್ಲಿನ್ ನಗರದ ಅಂಚಿನ ಲೂಕನ್‌ನಲ್ಲಿ ನಮ್ಮ ಬಾಡಿಗೆ ಮನೆಯ ಹಿತ್ತಿಲಿಗೂ ಪಕ್ಕದ ಸಿರಿಲ್ ಟಾಫ್ಟ್ ಅವರ ಹಿತ್ತಿಲಿಗೂ ನಡುವೆ ಒಂದು ಮುಳ್ಳುಬೇಲಿ ಇತ್ತು. ಹಾಥಾರ್ನ್ ಎಂಬ ಗಿಡದ್ದು. ಆಳೆತ್ತರ ಮೀರಿ ಬೆಳೆದು, ತಲೆಯಲ್ಲಿ ದಟ್ಟವಾಗಿ, ಬುಡದಲ್ಲಿ ಬೋಳಾಗಿತ್ತು. 2021ರ ಜನವರಿಯಲ್ಲಿ ಆ ಬುಡದ ಸಂದಿಯಿಂದ ಯಾರದೋ ನಾಯಿ ನುಗ್ಗಿ ನಮ್ಮ ಕಸದ ಚೀಲ ಹರಿದುಹಾಕಿತು. ಮನೆ ಮಾಲೀಕ ಡೆಕ್ಲನ್‌ಗೆ ಫೋಟೋ ಕಳಿಸಿದವಳು ನಾನೇ. ಅವನ ಉತ್ತರ ಕೂಡಲೇ ಬಂತು. ಲಾಕ್‌ಡೌನ್ ಸಡಿಲವಾಗಿ ಕಟ್ಟಡದ ಕೆಲಸಕ್ಕೆ ಅನುಮತಿ ಸಿಕ್ಕ ಮೇಲೆ ಬೇಲಿ ಕೀಳಿಸಿ ಗೋಡೆ ಹಾಕಿಸುತ್ತೇನೆ, ಬೇಲಿ ಇರುವುದು ನನ್ನ ಜಾಗದಲ್ಲಿ, ಪಕ್ಕದವರಿಗೆ ನೀವೇ ತಿಳಿಸಿಬಿಡಿ ಎಂದು ಬರೆದಿದ್ದ.

ಸಿರಿಲ್ ಅವರಿಗೆ ಆಗ ಎಂಬತ್ತೆರಡು. ಆರು ವರ್ಷದ ಹಿಂದೆ ಹೆಂಡತಿ ಬ್ರೀಡಾ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನನ್ನ ಗಂಡ ಸಂಪತ್ ಮೈಸೂರಿನಲ್ಲಿ ಓದಿ ಇಲ್ಲಿನ ಆಸ್ಪತ್ರೆ ಸೇರಿದ ಡಾಕ್ಟರ್. ಅವನು ಕೋವಿಡ್ ವಾರ್ಡಿನಿಂದ ಮನೆಗೆ ಬರುತ್ತಿದ್ದುದರಿಂದ ನಾನು ಸಿರಿಲ್ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಹಾಲು, ಬ್ರೆಡ್ಡು ಬಾಗಿಲಲ್ಲಿಟ್ಟು ಗಂಟೆ ಒತ್ತಿ ಹಿಂದೆ ಸರಿದು ನಿಲ್ಲುತ್ತಿದ್ದೆ. ಮಾತೆಲ್ಲ ಬೇಲಿಯ ಎರಡು ಕಡೆ ನಿಂತೇ.

ಆ ದಿನವೂ ಹಾಗೆ ನಿಂತು ಡೆಕ್ಲನ್ ಬರೆದದ್ದನ್ನು ಹೇಳಿದೆ. ಸಿರಿಲ್ ಕೋಪಿಸಿಕೊಳ್ಳಲಿಲ್ಲ. ನೆಡುವಾಗ ಅಳತೆ ತಪ್ಪಿ ಒಂದಡಿ ಆಚೆ ನೆಟ್ಟಿದ್ದು ತಾವೇ, ಆದ್ದರಿಂದ ಜಾಗ ಅವನದೇ ಎಂದು ಒಪ್ಪಿಕೊಂಡರು. ಒಂದು ಗಿಡದ ಕಾಂಡ ಹಿಡಿದುಕೊಂಡರು.

"ಇದು ನಮ್ಮಪ್ಪನ ಬೇಲಿ, ಅರ್ಪಿತಾ," ಎಂದರು. "ಇಷ್ಟೇ ಉಳಿದಿರೋದು."

ಅವರ ಊರು ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ ಮೂವತ್ತು ಮನೆಗಳ ಒಂದು ಹಳ್ಳಿ, ಥಾರ್ಪ್‌ಕೋಟ್. ಅಪ್ಪ ಆಲ್ಬರ್ಟ್ ಬೇರೆಯವರ ಜಮೀನಿನಲ್ಲಿ ಬೇಲಿ ಬಗ್ಗಿಸುವ ಕೂಲಿಕಾರ. ಬೇಲಿ ಬಗ್ಗಿಸುವುದು ಅಲ್ಲಿನ ಚಳಿಗಾಲದ ಕೆಲಸ. ಎತ್ತರಕ್ಕೆ ಹೋದ ಗಿಡವನ್ನು ಬುಡದ ಹತ್ತಿರ ಓರೆಯಾಗಿ ಕಡಿದು, ಪೂರ್ತಿ ತುಂಡಾಗದಂತೆ ಒಂದು ಪಟ್ಟಿಯಷ್ಟು ತೊಗಟೆ ಉಳಿಸಿ, ಪಕ್ಕಕ್ಕೆ ಮಲಗಿಸಿ ಗೂಟ ನೆಟ್ಟು ಆನಿಸುತ್ತಾರೆ. ಆ ಪಟ್ಟಿಯಲ್ಲೇ ರಸ ಹರಿದು ಮಲಗಿದ ಗಿಡ ಬದುಕುತ್ತದೆ. ವಸಂತದಲ್ಲಿ ಕಡಿದ ಜಾಗದಿಂದ ಹೊಸ ಚಿಗುರು ನೇರವಾಗಿ ಏಳುತ್ತದೆ, ಬುಡ ಮುಚ್ಚಿಕೊಳ್ಳುತ್ತದೆ. ಒಂದು ಸಲ ಬಗ್ಗಿಸಿದರೆ ಇಪ್ಪತ್ತು ವರ್ಷ ಕುರಿ ನುಗ್ಗಲಾರದು.

ಸಿರಿಲ್ ಆರನೇ ವಯಸ್ಸಿನಿಂದ ಅಪ್ಪನ ಹಿಂದೆ ನಡೆದವರು. ಹಳೇ ಕಾಲುಚೀಲದಲ್ಲಿ ಸುತ್ತಿದ ಚಹಾದ ಬಾಟಲಿ ಹೊರುವುದು ಅವರ ಪಾಲಿನ ಕೆಲಸ. ಅಪ್ಪನ ಎಡಗೈಗೆ ಮಾತ್ರ ತೊಗಲಿನ ಕೈಗವಸು ಇರುತ್ತಿತ್ತು. ಮಚ್ಚು ಹಿಡಿಯುವ ಬಲಗೈ ಬರಿಗೈ, ಯಾಕೆಂದರೆ ಎಷ್ಟು ಕಡಿದಾಯಿತು ಎಂದು ತಿಳಿಯುವುದು ಆ ಕೈಗೆ. 1947ರ ಚಳಿಗಾಲ ಅವರ ನೆನಪಿನಲ್ಲಿ ಬೇರೆ ಎಲ್ಲಕ್ಕಿಂತ ದೊಡ್ಡದು. ಬೇಲಿಗಳು ಕಾಣದಷ್ಟು ಹಿಮ ಬಿದ್ದು ಏಳು ವಾರ ಊರು ಮುಚ್ಚಿತ್ತು, ಶಾಲೆ ಇರಲಿಲ್ಲ, ಗಂಡಸರು ಬೇಲಿಗಳ ತಲೆಯ ಮೇಲೇ ನಡೆದು ಹೋಗಿ ಬ್ರೆಡ್ಡು ತರುತ್ತಿದ್ದರು. ಹಿಮ ಕರಗಿದ ಮೇಲೆ ಅಪ್ಪ ಏಪ್ರಿಲ್‌ನಲ್ಲಿ ಅವಸರದಿಂದ ಬೇಲಿ ಬಗ್ಗಿಸಿದ. ರಸ ಆಗಲೇ ಏರಿಬಿಟ್ಟಿತ್ತು. ಅರ್ಧ ಬೇಲಿ ಒಣಗಿತು. ಫೆಬ್ರವರಿ ಮುಗಿದ ಮೇಲೆ ಮಚ್ಚು ಮುಟ್ಟಬಾರದೆಂದು ಸಿರಿಲ್ ಕಲಿತದ್ದು ಆಗ.

ದೊಡ್ಡವರಾಗಿ ಸಿರಿಲ್ ಫಿಟ್ಟರ್ ಕೆಲಸ ಕಲಿತರು, ಬ್ರೀಡಾಳನ್ನು ಮದುವೆಯಾಗಿ ಡಬ್ಲಿನ್‌ಗೆ ಬಂದು ಕ್ಲಾಂಡಾಲ್ಕಿನ್‌ನ ಕಾರ್ಖಾನೆಯೊಂದನ್ನು ಸೇರಿದರು. 1974ರ ಶರತ್ಕಾಲದಲ್ಲಿ ಊರಿಗೆ ಹೋದಾಗ ದೊಡ್ಡ ಯಂತ್ರಗಳಿಗೆ ಜಾಗ ಮಾಡಲು ಅಪ್ಪನ ಬೇಲಿಗಳನ್ನೆಲ್ಲ ಜಮೀನಿನವರು ಕಿತ್ತು ಸುಡುತ್ತಿದ್ದರು. ಮೂಲೆಯಲ್ಲಿ ಉಳಿದ ಒಂದು ಗಿಡದಿಂದ ಒಂದು ಹಿಡಿ ಕೆಂಪು ಹಣ್ಣು ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡರು. ಡಬ್ಬಿಯ ಮರಳಲ್ಲಿ ಹಾಕಿದ ಬೀಜ ಮರುವರ್ಷ ಮೊಳೆಯಲಿಲ್ಲ. ಚೆಲ್ಲಲು ಹೊರಟಾಗ ಬ್ರೀಡಾ ತಡೆದು, ಇನ್ನೊಂದು ಚಳಿಗಾಲ ಇರಲಿ ಎಂದಳಂತೆ. ಎರಡನೇ ವಸಂತಕ್ಕೆ ಮೊಳೆತವು. ಈ ಬೇಲಿಯ ಹದಿನೇಳು ಗಿಡಗಳು ಅವೇ.

ನಾನು ಮತ್ತೆ ಡೆಕ್ಲನ್‌ಗೆ ಬರೆದೆ. ಐದು ವರ್ಷದಲ್ಲಿ ಅವನನ್ನು ಏನನ್ನೂ ಕೇಳಿದವಳಲ್ಲ. ಬೇಲಿಯನ್ನು ನಾವೇ ಸರಿಮಾಡಿದರೆ ಉಳಿಸುತ್ತೀರಾ ಎಂದು ಕೇಳಿದ್ದಕ್ಕೆ, ಏಪ್ರಿಲ್‌ನಲ್ಲಿ ಬಂದು ನೋಡುತ್ತೇನೆ, ಬುಡ ಮುಚ್ಚಿದ್ದು ಗಿಡ ಜೀವಂತ ಇದ್ದರೆ ಬಿಡುತ್ತೇನೆ, ಇಲ್ಲದಿದ್ದರೆ ಗೋಡೆ ಎಂದ.

ಸಿರಿಲ್ ತಮ್ಮ ಶೆಡ್ಡಿನಿಂದ ಅಪ್ಪನ ಮಚ್ಚು ತಂದು, ಸ್ಯಾನಿಟೈಸರ್ ಹಾಕಿ ಒರೆಸಿ, ಬೇಲಿಯ ಬುಡದ ಹುಲ್ಲಿನ ಮೇಲಿಟ್ಟು ಹಿಂದೆ ಸರಿದರು. ಅವರ ಮೊಣಕಾಲು ಬಗ್ಗುತ್ತಿರಲಿಲ್ಲ. ಕಡಿಯಬೇಕಾದವಳು ನಾನು. ನನಗೇನೂ ಅಳುಕಿರಲಿಲ್ಲ. ಶಿರಾ ತಾಲ್ಲೂಕಿನ ನಮ್ಮ ಹೊಲಕ್ಕೆ ವರ್ಷವರ್ಷವೂ ಜಾಲಿಮುಳ್ಳು ಕಡಿದು ಬೇಲಿ ಕಟ್ಟಿದ ಮನೆಯವಳು ನಾನು. ಕಾಲೇಜು ರಜೆಯಲ್ಲೂ ಕಡಿದಿದ್ದೇನೆ. ವಿಡಿಯೋ ಕಾಲ್‌ನಲ್ಲಿ ನಮ್ಮಮ್ಮ ನೀಲಮ್ಮ ಮಚ್ಚು ನೋಡಿ ನಕ್ಕಳು.

"ಎಂಜಿನಿಯರ್ ಓದ್ಸಿದ್ದು ಬೇಲಿ ಕಡಿಯೋಕೇನೆ? ಅದು ಇಲ್ಲೇ ಐತಲ್ಲ, ವಿಮಾನ ಹತ್ಬೇಕಿತ್ತಾ?"

ಫೆಬ್ರವರಿಯ ಮೊದಲ ಶನಿವಾರ ಮೊದಲ ಗಿಡಕ್ಕೆ ಕೈ ಹಾಕಿದೆ. ಸಿರಿಲ್ ಬೇಲಿಯಾಚೆ ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ಎಲ್ಲಿ ಕಡಿಯಬೇಕೆಂದು ತೋರಿಸಿದರು. ಎರಡೇ ಏಟಿಗೆ ಗಿಡ ಪೂರ್ತಿ ತುಂಡಾಗಿ ನನ್ನ ಕಾಲ ಮೇಲೆ ಬಿತ್ತು. ನಮ್ಮೂರಲ್ಲಿ ಒಂದೇ ಏಟಿಗೆ ಕತ್ತರಿಸಿದವರು ಜಾಣರು. ಅಲ್ಲಿ ಬೇಲಿಯೆಂದರೆ ಸತ್ತ ಮುಳ್ಳಿನ ರಾಶಿ. ಅದು ಬದುಕಬೇಕೆಂದು ಯಾರಿಗೂ ಇರಲಿಲ್ಲ. ನನ್ನ ಕೈ ಕಲಿತದ್ದು ಅದನ್ನೇ. ಹದಿನೇಳರಲ್ಲಿ ಒಂದು ಹೋಗಿತ್ತು. ನಾನು ಕ್ಷಮೆ ಕೇಳಿದೆ.

"ಗೂಟಕ್ಕೆ ಹೇಗೂ ಮರ ಬೇಕಿತ್ತು," ಎಂದರು ಸಿರಿಲ್. "ಈಗ ಬಲಗೈ ಗ್ಲವ್ ತೆಗಿ. ಕಡಿಯೋದನ್ನ ನೋಡ್ಬೇಡ, ನಿಲ್ಸೋದನ್ನ ನೋಡು."

ಎರಡನೆಯದಕ್ಕೆ ಒಂದು ಗಂಟೆ ಹಿಡಿಯಿತು. ಬೆಲ್ಟಿನ ತೊಗಲಿನಷ್ಟು ದಪ್ಪ ಉಳಿದಾಗ ಗಿಡ ತಾನಾಗಿಯೇ ಸದ್ದು ಮಾಡಿ ವಾಲಿತು. ಸಿರಿಲ್ ಉತ್ಸಾಹದಲ್ಲಿ ಎದ್ದು ಅದನ್ನು ಹಿಡಿಯಲು ಆ ಕಡೆಯಿಂದ ನನಗೆ ತೀರಾ ಹತ್ತಿರ ಬಂದುಬಿಟ್ಟರು. ನಾನು ಮಚ್ಚು ಬಿಟ್ಟು ಹಿಂದಕ್ಕೆ ಹಾರಿದೆ. ಅವರು ಕೈಯೆತ್ತಿ ತಪ್ಪಾಯಿತೆಂದು ಹೇಳಿ ಕುರ್ಚಿಗೆ ಮರಳಿದರು. ಸಂಜೆ ಸಂಪತ್ ನನ್ನ ಅಂಗೈಯ ಮುಳ್ಳು ಕೀಳುತ್ತ, ಇಡೀ ವಾರ್ಡಿನಲ್ಲಿ ಇಷ್ಟು ಹೊತ್ತು ಹಿಡಿಯುವ ಪೇಷೆಂಟ್ ಇಲ್ಲ ಎಂದ.

ನಾಲ್ಕು ಶನಿವಾರ, ಮೂರು ಭಾನುವಾರ. ಫೆಬ್ರವರಿ ಇಪ್ಪತ್ತೇಳಕ್ಕೆ ಹದಿನಾರು ಗಿಡಗಳು ಒಂದೇ ದಿಕ್ಕಿಗೆ ಒಂದರ ಮೇಲೊಂದು ಮಲಗಿದ್ದವು. ನಡುವೆ ಗೂಟ, ಮೇಲೆ ಹೆಣೆದ ಕಡ್ಡಿ. ಸೊಂಟದೆತ್ತರದ ಅದರ ಆಚೆ ಸಿರಿಲ್ ಅವರ ಪೂರ್ತಿ ಮುಖ ಮೊದಲ ಸಲ ಕಂಡಿತು.

ಆಮೇಲೆ ಕಾಯುವುದು. ಮಾರ್ಚ್ ಮಧ್ಯದಲ್ಲಿ ನದಿಯ ದಂಡೆಯ ಹಾಥಾರ್ನ್‌ಗಳು ಹಸಿರಾದವು. ನಮ್ಮದು ಕಂದು ಬಣ್ಣದಲ್ಲೇ ಇತ್ತು. ಸಿರಿಲ್ ಅವರಿಗೆ ಲಸಿಕೆಯ ಮೊದಲ ಡೋಸ್ ಆಯಿತು. ತೋಳು ನೋವೇ ಎಂದು ಕೇಳಿದರೆ ಬೇಲಿ ಹೇಗಿದೆ ಎಂದು ಕೇಳುತ್ತಿದ್ದರು, ಮುಂಜಾನೆಯೇ ಕೂತು ನೋಡಿದ್ದರೂ. ನಾನು ಆಫೀಸಿನ ಮೀಟಿಂಗ್‌ಗಳ ನಡುವೆ ಕಿಟಕಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟೆ. ಬೀಜ ಮೊಳೆಯದಿದ್ದಾಗ ಬ್ರೀಡಾ ಹೇಳಿದ್ದನ್ನು ಅವರಿಗೆ ನೆನಪಿಸಿದೆ. ಡೆಕ್ಲನ್ ಇನ್ನೊಂದು ಚಳಿಗಾಲ ಕೊಡುವುದಿಲ್ಲವಲ್ಲ ಎಂದರು.

ಏಪ್ರಿಲ್ ಆರರಂದು ಅವರು ಊರುಗೋಲಿನಿಂದ ನಮ್ಮ ಕಿಟಕಿ ಗಾಜು ತಟ್ಟಿದರು. ಮೊದಲ ಸಲ ನಮ್ಮ ಹಿತ್ತಿಲಿಗೆ ಬಂದಿದ್ದರು. ಏಳನೇ ಗಿಡದ ಕಡಿತದ ಕೆಳಗೆ, ಎಳ್ಳಿನಷ್ಟು ಸಣ್ಣ ಕೆಂಪು ಚಿಗುರುಮೊಗ್ಗುಗಳ ಸಾಲು. ವಾರದಲ್ಲಿ ಹದಿಮೂರು ಗಿಡ ಚಿಗುರಿದವು.

ಡೆಕ್ಲನ್ ಬಂದದ್ದು ಏಪ್ರಿಲ್ ಹದಿನೇಳಕ್ಕೆ, ಅಳತೆ ಟೇಪಿನ ಸಮೇತ. ದೂರದಿಂದ ನೋಡಿ, ಇದು ಕಡ್ಡಿಗಳ ರಾಶಿಯಂತಿದೆ, ಗೋಡೆಯಾದರೆ ಚೊಕ್ಕ ಎಂದ. ನಾನು ಅಭ್ಯಾಸ ಮಾಡಿಟ್ಟುಕೊಂಡ ಮಾತೆಲ್ಲ ಮರೆತೆ. ಮಾತು ಕೊಟ್ಟವರು ನೀವು, ಹತ್ತಿರ ಬಂದು ನೋಡಿ ಎಂದಷ್ಟೇ ಹೇಳಿದೆ. ಅವನು ಬಂದು ಬುಡಕ್ಕೆ ಶೂ ತೂರಿಸಿದ. ಹೋಗಲಿಲ್ಲ. ಇನ್ನೊಂದು ಕಡೆ ಒದ್ದ. ಆಚೆ ಕುರ್ಚಿಯಲ್ಲಿದ್ದ ಸಿರಿಲ್ ಆಗ ಬಾಯಿಬಿಟ್ಟರು.

"ಇನ್ನೂ ಜೋರಾಗಿ ಒದಿ. ಕುರಿ ಅದಕ್ಕಿಂತ ಜೋರಾಗಿ ಒದೆಯುತ್ತೆ."

ಮೂರನೇ ಸಲ ಮುಳ್ಳು ಶೂ ದಾಟಿ ಹೆಬ್ಬೆರಳಿಗೆ ತಾಗಿತು. ಡೆಕ್ಲನ್ ಒಂಟಿ ಕಾಲಲ್ಲಿ ನಿಂತು ಶೂ ಕಳಚಿ ನೋಡಿಕೊಂಡ, ಚಿಗುರುಗಳನ್ನು ಸಾಲಾಗಿ ನೋಡಿದ, ಟೇಪು ಜೇಬಿಗಿಟ್ಟ. "ಗ್ರ್ಯಾಂಡ್," ಎಂದ, ಇಲ್ಲಿನವರು ಸರಿ ಎನ್ನುವ ರೀತಿ. "ಇರ್ಲಿ ಬಿಡಿ," ಎಂದು ಹೊರಟ.

ಅವನ ಕಾರು ಹೋದ ಮೇಲೆ ಸಿರಿಲ್ ಊರುಗೋಲು ಚಾಚಿ ಬೇಲಿಯ ತುದಿ ತೋರಿಸಿದರು. ನಾನು ಮೊದಲ ದಿನ ತುಂಡರಿಸಿದ ಗಿಡದ ಮೋಟು ಅಲ್ಲಿತ್ತು. ಅದನ್ನು ನಾನು ನೋಡುವುದನ್ನೇ ಬಿಟ್ಟಿದ್ದೆ. ಅದರ ಸುತ್ತ ಐದು ಚಿಗುರು ನೆಟ್ಟಗೆ ಎದ್ದಿದ್ದವು, ಉಳಿದೆಲ್ಲಕ್ಕಿಂತ ಎತ್ತರ.

"ಹತ್ತು ವರ್ಷ ಬಿಟ್ಟು ಅವುಗಳನ್ನ ಬಗ್ಗಿಸೋಣ," ಎಂದರು ಎಂಬತ್ತೆರಡರ ಸಿರಿಲ್. "ಆಗ ಸರಿಯಾಗಿ ಕಡಿ."